ಶಿರಾ ಪಟ್ಟಣದ ಮೊದಲ ಪಾಲಕ ಮಲಿಕ್ ಹುಸೇನ್

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಕೊರಟಗೆರೆ, ಪಾವಗಡ ಮತ್ತು ಶಿರಾ ಈ ನಾಲ್ಕು ಊರುಗಳಲ್ಲಿ ಮೂರು ಬೆಟ್ಟದ ಆಶ್ರಯದಲ್ಲಿ ಹುಟ್ಟಿದವು. ಮಧುಗಿರಿಯ ಏಕಶಿಲಾ ಬೆಟ್ಟದ ಕಥೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಹಿಂಡಿನಿಂದ ತಪ್ಪಿಸಿಕೊಂಡ ಕುರಿಯೊಂದು ಮರುದಿನ ಮೈಯೆಲ್ಲ ತೊಯ್ದು ಹಿಂದಿರುಗಿತಂತೆ. ಬೆಟ್ಟದ ಮೇಲೆ ನೀರಿನ ಊಟೆಯಿದೆ ಎಂಬುದು ಅದರಿಂದ ತಿಳಿದು, ರಾಜಾ ಹಿರೇಗೌಡನು ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನಂತೆ. ಕೊರಟಗೆರೆಗೆ ರಣಭೈರೇಗೌಡನ ಹೆಸರಿದೆ. ಪಾವಗಡದ ಬೆಟ್ಟಕ್ಕೆ ಪಾಳೆಯಗಾರ ನಾಯಕರ ಮನೆತನದ ನೆನಪು ಅಂಟಿಕೊಂಡಿದೆ. ಅದೇ ಪಾವಗಡ ಸೀಮೆಯ ನಿಡುಗಲ್ಲು ಇನ್ನೂ ಹಳೆಯದು. 1232ರಲ್ಲಿ ಗಂಗೇಯನ ಮಾರೆಯನು ಆ ಬೆಟ್ಟದ ಮೇಲೆ ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಕೋಟೆ ಮೇಲೆ, ಪೇಟೆ ಕೆಳಗೆ. ಆಪತ್ತು ಬಂದರೆ ಕೆಳಗಿನವರು ಮೇಲಕ್ಕೆ ಹತ್ತಬೇಕು. ಆ ಸೀಮೆಯ ಗೌಡ ನಾಯಕರು ತಲೆಮಾರುಗಳಿಂದ ತಿಳಿದಿದ್ದ ನಗರ ನಿರ್ಮಾಣದ ಕ್ರಮ ಇದೇ.

ಶಿರಾಕ್ಕೆ ಬೆಟ್ಟವಿಲ್ಲ. ತುಮಕೂರಿನಿಂದ ವಾಯುವ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಮಳೆ ಕಡಿಮೆಯಾದ ಬಯಲುಸೀಮೆಯ ನಡುವೆ ಅದು ನಿಂತಿದೆ. ಕೋಟೆಗೆ ರಕ್ಷಣೆಯೆಂದರೆ ಕಂದಕ ಮತ್ತು ಗೋಡೆ, ಅಷ್ಟೇ. ಹೀಗೆ ಬಯಲಿನಲ್ಲಿ ಊರು ಕಟ್ಟುವ ಸಾಹಸಕ್ಕೆ ಕೈಹಾಕಿದವನು ರತ್ನಗಿರಿಯ ರಂಗಪ್ಪ ನಾಯಕ. ರತ್ನಗಿರಿ ಈಗ ಆಂಧ್ರಪ್ರದೇಶದ ಮಡಕಶಿರಾ ಸೀಮೆಗೆ ಸೇರಿದ ಬೆಟ್ಟದ ಕೋಟೆ. ಬೆಟ್ಟದ ಮೇಲೆಯೇ ಬಾಳಿದ ಮನೆತನದ ನಾಯಕನೊಬ್ಬ ಬಯಲಿಗೆ ಇಳಿದು ಕೋಟೆಗೂ ಪೇಟೆಗೂ ತಳಪಾಯ ಹಾಕಿದನೆಂದರೆ ಅವನ ಕಣ್ಣು ದಾರಿಯ ಮೇಲಿದ್ದಿರಬೇಕು. ಶ್ರೀರಂಗಪಟ್ಟಣ, ಬೆಂಗಳೂರುಗಳ ಕಡೆಯಿಂದ ಚಿತ್ರದುರ್ಗದ ಮೂಲಕ ಉತ್ತರಕ್ಕೆ ಹೋಗುವ ಸರಕೂ ಸೈನ್ಯವೂ ಶಿರಾವನ್ನು ಹಾಯ್ದೇ ಹೋಗುತ್ತಿದ್ದವು. ಇಂದಿನ ಬೆಂಗಳೂರು–ಪುಣೆ ಹೆದ್ದಾರಿಯೂ ಹಾಗೆಯೇ ಹೋಗುತ್ತದೆ. ಬೆಟ್ಟ ಪ್ರಾಣವನ್ನು ಕಾಯುತ್ತದೆ, ಆದರೆ ಸುಂಕ ಹುಟ್ಟುವುದು ದಾರಿಯಲ್ಲಿ. ರಂಗಪ್ಪ ನಾಯಕನು ಎರಡನೆಯದನ್ನು ಆರಿಸಿಕೊಂಡನು, ಮತ್ತು ಅದಕ್ಕೆ ಬೆಲೆ ತೆತ್ತನು.

ಕೋಟೆಯ ಕೆಲಸ ಮುಗಿಯುವ ಮುನ್ನವೇ ಬಿಜಾಪುರದ ಸೈನ್ಯ ಬಂದಿತು. ಮಹಮ್ಮದ್ ಆದಿಲ್ ಶಾಹನ ಸೇನಾಪತಿ ರಣದುಲ್ಲಾ ಖಾನನು 1637ರಲ್ಲಿ ಇಕ್ಕೇರಿಯವರೆಗೂ ನುಗ್ಗಿದ್ದನು. 1638ರಲ್ಲಿ ಶಿರಾ ಅವನ ವಶವಾಯಿತು. ಅದೇ ದಂಡಯಾತ್ರೆಯಲ್ಲಿ ಕೆಂಪೇಗೌಡನ ಬೆಂಗಳೂರೂ ಹೋಯಿತು. ಶ್ರೀರಂಗಪಟ್ಟಣದಲ್ಲಿ ಮಾತ್ರ ಕಂಠೀರವ ನರಸರಾಜ ಒಡೆಯರು ಆ ಸೈನ್ಯವನ್ನು ಹಿಮ್ಮೆಟ್ಟಿಸಿದರು. ಶಿರಾದ ಪತನಕ್ಕೆ ಸಂಬಂಧಿಸಿದ ಒಂದು ಪ್ರಸಂಗವನ್ನು ಜದುನಾಥ ಸರ್ಕಾರ್ ತಮ್ಮ ಶಿವಾಜಿ ಚರಿತ್ರೆಯಲ್ಲಿ ಹೇಳಿದ್ದಾರೆ. ಶಿರಾದ ಅರಸ ಕಸ್ತೂರಿ ರಂಗನು ಶರಣಾಗತನಾಗಿ ಡೇರೆಗೆ ಬಂದಾಗ ಅಫ್ಜಲ್ ಖಾನನು ಅವನನ್ನು ಕೊಲ್ಲಿಸಿದನು. ಸುಮಾರು 20 ವರ್ಷಗಳ ಬಳಿಕ, 1659ರಲ್ಲಿ, ಪ್ರತಾಪಗಡದ ಬುಡದಲ್ಲಿ ಅದೇ ಅಫ್ಜಲ್ ಖಾನನನ್ನು ಶಿವಾಜಿ ಎದುರುಗೊಂಡಾಗ ಡೇರೆಯ ಭೇಟಿಯೆಂದರೆ ಏನೆಂಬುದು ಅವನಿಗೆ ತಿಳಿದಿತ್ತು. ಮರಾಠಿ ನಾಡಿನ ಬಾಲಕರಿಗೂ ಬಾಯಿಪಾಠವಾದ ಆ ಕಥೆಯ ಹಿಂದೆ ಶಿರಾದ ನಾಯಕನೊಬ್ಬನ ರಕ್ತವಿದೆ ಎಂಬುದು ಶಿರಾದಲ್ಲಿಯೇ ಹೆಚ್ಚು ಜನರಿಗೆ ತಿಳಿದಂತೆ ಕಾಣುವುದಿಲ್ಲ.

ಹೀಗೆ ಅರ್ಧ ಕಟ್ಟಿದ ಕೋಟೆ, ಅರ್ಧ ನೆಲೆಸಿದ ಪೇಟೆ, ಕಟ್ಟಿಸಿದವನನ್ನು ಕಳೆದುಕೊಂಡ ಜನ, ಇವು ಮೂರೂ ಬಿಜಾಪುರದ ಕೈಗೆ ಬಂದವು. ಅವುಗಳ ಮೇಲಾಡಳಿತಕ್ಕೆ ನೇಮಕವಾದವನು ಮಲಿಕ್ ಹುಸೇನ್.

ಮಲಿಕ್ ಹುಸೇನನ ಬಗ್ಗೆ ಉಳಿದಿರುವ ವಿವರ ಬಹಳ ಸ್ವಲ್ಪ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಅವನಿಗೆ ಒಂದೆರಡು ವಾಕ್ಯಗಳನ್ನಷ್ಟೇ ಮೀಸಲಿಟ್ಟಿದೆ. ಆ ವಾಕ್ಯಗಳ ತಿರುಳು ಇಷ್ಟು: ನಾಯಕನು ಅರ್ಧಕ್ಕೆ ಬಿಟ್ಟ ಕೋಟೆಯನ್ನು ಮುಗಿಸಿದನು, ಊರಿನ ಸುತ್ತ ಮಣ್ಣಿನ ಗೋಡೆ ಹಾಕಿಸಿದನು. ಚರಿತ್ರೆಯನ್ನು ಯುದ್ಧಗಳ ಪಟ್ಟಿಯಾಗಿ ಓದುವವರಿಗೆ ಇದು ದಾಟಿಹೋಗಬಹುದಾದ ಸಂಗತಿ. ಆದರೆ ಶಿರಾ ಊರಾಗಿ ಉಳಿಯಿತೇ ಅಳಿಯಿತೇ ಎಂಬ ಪ್ರಶ್ನೆ ಆ ಎರಡು ಕೆಲಸಗಳಲ್ಲಿಯೇ ಅಡಗಿದೆ, ಅದರಲ್ಲೂ ಎರಡನೆಯದರಲ್ಲಿ.

ಗೆದ್ದ ಸೈನ್ಯಕ್ಕೆ ಕೋಟೆ ಬೇಕು. ಪಡೆಗೆ, ಮದ್ದುಗುಂಡಿಗೆ, ಖಜಾನೆಗೆ ಅದು ಅವಶ್ಯ. ಆದ್ದರಿಂದ ಯಾವ ಸರದಾರನಾದರೂ ಅರ್ಧ ಕೋಟೆಯನ್ನು ಮುಗಿಸುತ್ತಿದ್ದನು. ಪೇಟೆಯ ಗೋಡೆ ಹಾಗಲ್ಲ. ಅದರೊಳಗೆ ಇರುವವರು ನೇಯ್ಗೆಯವರು, ಎಣ್ಣೆ ಗಾಣದವರು, ಕಂಬಳಿ ಮಾರುವ ಕುರುಬರು, ಧಾನ್ಯದ ವರ್ತಕರು, ಅಕ್ಕಸಾಲಿಗರು. ಮಣ್ಣಿನ ಗೋಡೆ ದೊಡ್ಡ ಸೈನ್ಯವನ್ನು ಎಷ್ಟೂ ತಡೆಯಲಾರದು. ಕುದುರೆಯೇರಿ ಬರುವ ಸುಲಿಗೆಕಾರರ ದಂಡನ್ನು ಒಂದು ರಾತ್ರಿ ತಡೆದೀತು, ಹೆಬ್ಬಾಗಿಲಿನಲ್ಲಿ ಬರುವ ಹೇರುಗಳನ್ನು ಎಣಿಸಲು ಅನುಕೂಲವಾದೀತು. ಅದಕ್ಕಿಂತ ಮುಖ್ಯವಾಗಿ, ಊರು ಇನ್ನು ಮುಂದೆಯೂ ಇಲ್ಲಿಯೇ ಇರುತ್ತದೆ ಎಂದು ನೋಡಿದವರಿಗೆ ಅದು ಹೇಳುತ್ತದೆ. ಹಿಂದಿನ ಒಡೆಯ ಡೇರೆಯಲ್ಲಿ ಸತ್ತ ಊರಿನಲ್ಲಿ ಮಗ್ಗ ಹೂಡಲು ಯಾವ ನೇಯ್ಗೆಯವನಿಗೆ ಧೈರ್ಯ ಬಂದೀತು? ಆ ಹೊತ್ತಿನಲ್ಲಿ ಬೇಕಾಗಿದ್ದುದು ಆಶ್ವಾಸನೆ. ರಂಗಪ್ಪ ನಾಯಕನ ಜನಕ್ಕೆ ಅದು ಕೆಸರು ಮಣ್ಣಿನ ರೂಪದಲ್ಲಿ ಶತ್ರುವಿನ ಅಧಿಕಾರಿಯಿಂದ ಬಂದಿತು. ಇದನ್ನು ಔದಾರ್ಯವೆಂದು ಕೊಂಡಾಡಬೇಕಾಗಿಲ್ಲ. ಪೇಟೆಯಿಲ್ಲದ ಕೋಟೆಗೆ ಹುಟ್ಟುವಳಿ ಇಲ್ಲವೆಂಬುದನ್ನು ಬಲ್ಲ ಆಡಳಿತಗಾರನ ಲೆಕ್ಕಾಚಾರ ಅದು. ಆದರೆ ಅಂಥ ಲೆಕ್ಕಾಚಾರಗಳಿಂದಲೇ ಊರುಗಳು ಬದುಕಿವೆ.

ಊರಿಗೊಬ್ಬ ಪಾಲಕನಿರಬೇಕೆಂಬ ಕಲ್ಪನೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಶಾಸನಗಳಲ್ಲಿ 'ಪಟ್ಟಣಸ್ವಾಮಿ' ಎಂಬ ಪದವಿ ಮತ್ತೆ ಮತ್ತೆ ಬರುತ್ತದೆ. ವರ್ತಕ ಸಮೂಹದ ಮುಂದಾಳಾಗಿ ಪೇಟೆಯ ವ್ಯವಹಾರವನ್ನೂ ಸುಂಕದ ಸಂಗತಿಗಳನ್ನೂ ನೋಡಿಕೊಳ್ಳುತ್ತಿದ್ದ ಸೆಟ್ಟಿಗೆ ಸಲ್ಲುತ್ತಿದ್ದ ಗೌರವ ಅದು. ಹೊಂಬುಜದಲ್ಲಿ ವೀರಶಾಂತರನ ಕಾಲದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯು 1062ರಲ್ಲಿ ಕಟ್ಟಿಸಿದ ಬಸದಿಗೆ ಅವನ ಪದವಿಯ ಹೆಸರೇ ನಿಂತುಬಿಟ್ಟಿದೆ. ಪಟ್ಟಣಸ್ವಾಮಿ ಪೇಟೆಯ ಒಳಗಿನಿಂದ ಬಂದವನು. ಅವನ ಅಧಿಕಾರಕ್ಕೆ ಬೇರು ಸ್ವಂತ ಅಂಗಡಿ, ಸ್ವಂತ ಸಮೂಹ. ಮಲಿಕ್ ಹುಸೇನನು ಹೊರಗಿನಿಂದ ನೇಮಕಗೊಂಡವನು. ಅವನ ಅಧಿಕಾರ ಬಿಜಾಪುರದ ಫರ್ಮಾನಿನಿಂದ ಬಂದದ್ದು. ಆದರೂ ಇಬ್ಬರ ಮುಂದಿದ್ದ ಕೆಲಸದಲ್ಲಿ ಹೋಲಿಕೆಯಿದೆ. ದಾರಿಯಲ್ಲಿ ಹೋಗುವ ಸರಕು ಊರಿನಲ್ಲಿ ಒಂದು ರಾತ್ರಿ ತಂಗಿ, ಸುಂಕ ತೆತ್ತು, ಮರಳಿ ಅದೇ ದಾರಿಯಲ್ಲಿ ಬರುವಂತೆ ಮಾಡುವುದೇ ಆ ಕೆಲಸ.

ಇದೇ ವರ್ಷಗಳಲ್ಲಿ ಪೂರ್ವ ಕರಾವಳಿಯಲ್ಲಿ ಇನ್ನೊಂದು ಊರು ಹುಟ್ಟುತ್ತಿತ್ತು. 1639ರಲ್ಲಿ ದಾಮರ್ಲ ವೆಂಕಟಾದ್ರಿ ನಾಯಕನು ಇಂಗ್ಲಿಷ್ ವರ್ತಕರಿಗೆ ಕಡಲ ದಂಡೆಯ ಒಂದು ತುಂಡು ಮರಳು ನೆಲವನ್ನು ಬಿಟ್ಟುಕೊಟ್ಟನು, ಅದೇ ಮದರಾಸು. ಅಲ್ಲಿ 1688ರ ಸೆಪ್ಟೆಂಬರ್ 29ರಂದು ನಗರಸಭೆ ಆರಂಭವಾದಾಗ ಅದರ ಮೊದಲ ಮೇಯರ್ ಆದವನು ನತಾನಿಯಲ್ ಹಿಗಿನ್‌ಸನ್. ಅವನು ಹುಟ್ಟಿದ್ದು ಅಮೆರಿಕೆಯ ಕನೆಕ್ಟಿಕಟ್‌ನಲ್ಲಿ, ಓದಿದ್ದು ಹಾರ್ವರ್ಡ್ ಕಾಲೇಜಿನಲ್ಲಿ. ಅಮೆರಿಕದ ನ್ಯೂಯಾರ್ಕ್ ನಗರದ ಕಥೆ ಶಿರಾದ ಕಥೆಗೆ ಇನ್ನೂ ಹತ್ತಿರ. ಊರು ಕಟ್ಟಿದವರು, ಅದರ ಉತ್ತರದ ಅಂಚಿಗೆ 1653ರಲ್ಲಿ ಬೇಲಿಗೋಡೆ ಹಾಕಿದವರು ಡಚ್ಚರು. 1664ರಲ್ಲಿ ಇಂಗ್ಲಿಷರು ಅದನ್ನು ಕಿತ್ತುಕೊಂಡು, ಮರುವರ್ಷ ಥಾಮಸ್ ವಿಲೆಟ್ ಎಂಬುವನನ್ನು ಮೊದಲ ಮೇಯರ್ ಆಗಿ ನೇಮಿಸಿದರು. ಕಟ್ಟಿದವರೊಬ್ಬರು, ಗೆದ್ದವರಿನ್ನೊಬ್ಬರು, ಗೆದ್ದವರ ಹೆಸರಿನಲ್ಲಿ ಊರನ್ನು ನಡೆಸುವ ಹೊಣೆ ಮೂರನೆಯವನದು. ಹದಿನೇಳನೆಯ ಶತಮಾನದಲ್ಲಿ ಮೊದಲ ನಗರಪಾಲಕನ ಪಾಡು ಸಾಗರದ ಎರಡೂ ದಡಗಳಲ್ಲಿ ಹೆಚ್ಚು ಕಡಿಮೆ ಹೀಗೆಯೇ ಇತ್ತು. ವ್ಯತ್ಯಾಸ ದಾಖಲೆಯಲ್ಲಿದೆ. ವಿಲೆಟ್, ಹಿಗಿನ್‌ಸನ್‌ರ ಜೀವನವೃತ್ತಾಂತ ವಿವರವಾಗಿ ಸಿಗುತ್ತದೆ. ಮಲಿಕ್ ಹುಸೇನನಿಗೆ ಉಳಿದಿರುವುದು ಆ ಒಂದೆರಡು ವಾಕ್ಯಗಳು.

ಬಿಜಾಪುರದ ಕಾಲದಲ್ಲಿ ಶಿರಾದ ಹೆಸರಿನೊಂದಿಗೆ ಜನರ ನೆನಪಿನಲ್ಲಿ ನಿಂತವನು ಇನ್ನೊಬ್ಬ ಅಧಿಕಾರಿ, ಮಲಿಕ್ ರಿಹಾನ್. ಅವನ ಗೋರಿ ಶಿರಾದಲ್ಲಿದೆ. ಅದರ ಕಾಲ 1651. ಇಂದಿಗೂ ಅದು ದರ್ಗಾ ಆಗಿ ಗೌರವ ಪಡೆಯುತ್ತಿದೆ. 'ರೈಹಾನ್' ಎಂದರೆ ತುಳಸಿಯ ಜಾತಿಯ ಕಮ್ಮನೆಯ ಗಿಡ. ಅಂಬರ್, ಯಾಕೂತ್ ಮೊದಲಾದ ಸುಗಂಧದ, ರತ್ನದ ಹೆಸರುಗಳನ್ನು ದಖ್ಖಣದ ಸುಲ್ತಾನರ ಆಸ್ಥಾನಗಳಲ್ಲಿ ಆಫ್ರಿಕದಿಂದ ತರಲಾದ ಹಬ್ಶಿ ಸೇವಕರಿಗೆ ಇಡುವ ರೂಢಿಯಿತ್ತು. ಅವರಲ್ಲಿ ಹಲವರು ಸರದಾರರಾಗಿ ಬೆಳೆದರು. ಹೆಸರೊಂದನ್ನೇ ಹಿಡಿದು ಒಬ್ಬನ ಮೂಲವನ್ನು ತೀರ್ಮಾನಿಸುವುದು ಸರಿಯಲ್ಲವಾದರೂ, ಇಂಥ ಹೆಸರಿನವನೊಬ್ಬ ಬಯಲುಸೀಮೆಯ ಕನ್ನಡ ಪಟ್ಟಣವೊಂದರಲ್ಲಿ ಗೌರವದ ಗೋರಿ ಪಡೆದದ್ದು ಆ ಕಾಲದ ದಖ್ಖಣದ ಸ್ವರೂಪವನ್ನು ತಿಳಿಸುತ್ತದೆ. ಮಲಿಕ್ ಹುಸೇನನ ಗುರುತು ಮಾತ್ರ ಗೋಡೆಯೇ. ಮಣ್ಣಿನ ಗೋಡೆಗೆ ಆಯುಸ್ಸು ಕಡಿಮೆ. ಮಳೆ ಕರಗಿಸುತ್ತದೆ, ಮನೆ ಕಟ್ಟುವವರು ಅಗೆದು ಒಯ್ಯುತ್ತಾರೆ.

ಆ ಗೋಡೆಯೊಳಗಿನ ಊರು ಬೆಳೆದ ಬಗೆ ಅಚ್ಚರಿಯದು. ಬಿಜಾಪುರದ ಆಳ್ವಿಕೆಯಲ್ಲಿ ಶಿರಾವು ಷಹಾಜಿಯ ಜಾಗೀರಿಗೆ ಸೇರಿತು. 1686ರಲ್ಲಿ ಬಿಜಾಪುರವೇ ಔರಂಗಜೇಬನಿಗೆ ಬಿದ್ದ ಮೇಲೆ, ಮರುವರ್ಷ ಮೊಗಲರು ತುಂಗಭದ್ರೆಯ ದಕ್ಷಿಣದ ಹೊಸ ಪ್ರಾಂತಕ್ಕೆ ಶಿರಾವನ್ನು ರಾಜಧಾನಿಯಾಗಿ ಆರಿಸಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಈ ಏಳು ಪರಗಣೆಗಳು ಅದಕ್ಕೆ ಸೇರಿದವು. ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರುಗಳನ್ನು ಕಪ್ಪ ಕೊಡುವ ಸಂಸ್ಥಾನಗಳೆಂದು ಲೆಕ್ಕ ಹಿಡಿಯಲಾಯಿತು. ಪೆನುಕೊಂಡ ವಿಜಯನಗರದ ಅರಸರು ಆಳಿದ ರಾಜಧಾನಿ. ಅದು 50 ವರ್ಷದ ಹಿಂದೆ ಅರ್ಧ ಕಟ್ಟಿ ನಿಂತಿದ್ದ ಶಿರಾದ ಕೈಕೆಳಗೆ ಬಂದಿತು. ಮೊದಲ ಮೊಗಲ ಫೌಜುದಾರ ಕಾಸಿಂ ಖಾನನು ಬೆಂಗಳೂರನ್ನು ಹಿಡಿದು, ಅದನ್ನು ಮೂರು ಲಕ್ಷಕ್ಕೆ ಚಿಕ್ಕದೇವರಾಜ ಒಡೆಯರಿಗೆ ಒಪ್ಪಿಸಿದ್ದು 1687ರಲ್ಲಿ. ಬೆಂಗಳೂರನ್ನು ಮಾರಿ ಶಿರಾವನ್ನು ಇಟ್ಟುಕೊಂಡ ಕಾಲ ಅದು! ಕಾಸಿಂ ಖಾನನ ಕೊನೆ ದಾರುಣವಾಗಿತ್ತು. 1695ರಲ್ಲಿ ಚಳ್ಳಕೆರೆ ಬಳಿಯ ದೊಡ್ಡೇರಿಯಲ್ಲಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ಅವನು ಸತ್ತನು. ಶಿರಾದ ಕಲ್ಲಿನ ಜುಮ್ಮಾ ಮಸೀದಿ 1696ರದು.

ಮುಂದೆ ಫೌಜುದಾರರು ಒಬ್ಬರ ಹಿಂದೊಬ್ಬರಾಗಿ ಬಂದು ಹೋದರು. ಅವರ ಹೆಸರುಗಳನ್ನು ಇಲ್ಲಿ ಎಣಿಸುವುದರಿಂದ ಪ್ರಯೋಜನವಿಲ್ಲ. ಅವರಲ್ಲಿ ದಿಲಾವರ್ ಖಾನನ ದೀರ್ಘ ಆಡಳಿತವೇ ಶಿರಾದ ಉಚ್ಛ್ರಾಯ ಕಾಲ. ಆಗ ಊರಿನಲ್ಲಿ 50,000 ಮನೆಗಳಿದ್ದವೆಂದು ಹಿಂದಿನವರು ಹೇಳಿದ್ದಾರೆ. ಈ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ, ಅರ್ಧಕ್ಕಿಳಿಸಿದರೂ ಅದು ದೊಡ್ಡ ನಗರವೇ. ಅವನ ಅರಮನೆಯ ಮಾದರಿಯಲ್ಲಿಯೇ ಬೆಂಗಳೂರಿನಲ್ಲೂ ಶ್ರೀರಂಗಪಟ್ಟಣದಲ್ಲೂ ಹೈದರ್ ಮತ್ತು ಟಿಪ್ಪುವಿನ ಅರಮನೆಗಳು ಎದ್ದವೆಂದು ರೈಸ್ ಬರೆದಿದ್ದಾರೆ. 1760ರಲ್ಲಿ ಹೈದರ್ ಆಲಿ ಆರಂಭಿಸಿದ ಲಾಲ್‌ಬಾಗ್‌ಗೆ ಶಿರಾದ ಖಾನ್ ಬಾಗ್ ತೋಟವೇ ಪ್ರೇರಣೆಯಾಗಿರಬಹುದೆಂಬ ಅಭಿಪ್ರಾಯವೂ ಇದೆ. ಅಂದರೆ ಬೆಂಗಳೂರು ನೋಡಿ ಕಲಿಯುವಂಥ ಊರಾಗಿತ್ತು ಶಿರಾ.

1757ರಲ್ಲಿ ಮರಾಠರು ಶಿರಾವನ್ನು ಹಿಡಿದರು. ಆಮೇಲಿನ 20 ವರ್ಷಗಳಲ್ಲಿ ಊರು ಎಷ್ಟು ಕೈ ಬದಲಾಯಿಸಿತೆಂಬುದು ತಲೆ ತಿರುಗಿಸುತ್ತದೆ. ಅದರಲ್ಲೊಂದು ಸಂಗತಿ ಮಾತ್ರ ವಿಸ್ತರಿಸಿ ಹೇಳತಕ್ಕದ್ದು. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗನು ಹೊಸಕೋಟೆಯ ಮುತ್ತಿಗೆಯಲ್ಲಿ ಸೋತು ಹಣಕ್ಕಾಗಿ ಪರದಾಡುತ್ತಿದ್ದಾಗ ಹೈದರ್ ಆಲಿ ಮೂರು ಲಕ್ಷದ ನಜರು ಒಪ್ಪಿಸಿ ಅವನಿಂದ 'ಶಿರಾದ ನವಾಬ' ಎಂಬ ಪದವಿ ಪಡೆದನು. ಆಗ ಶಿರಾ ಮರಾಠರ ಕೈಯಲ್ಲಿತ್ತು. ಕೊಟ್ಟವನಿಗೂ ಅದು ಸೇರಿರಲಿಲ್ಲ, ಪಡೆದವನಿಗೂ ಇರಲಿಲ್ಲ. ಮಾರ್ಕ್ ವಿಲ್ಕ್ಸ್ ತಮ್ಮ ಮೈಸೂರು ಚರಿತ್ರೆಯಲ್ಲಿ ಈ ವಿಚಿತ್ರವನ್ನು ಗುರುತಿಸಿದ್ದಾರೆ. ಇಬ್ಬರೂ ಕೂಡಿ ಹೋಗಿ ಊರನ್ನು ಗೆದ್ದದ್ದು ಆಮೇಲೆ. ಮೈಸೂರಿನ ದಳವಾಯಿಯೊಬ್ಬನಿಗೆ ನವಾಬಗಿರಿಯ ಗೌರವ ಬರಬೇಕಾದರೆ ಶಿರಾದ ಹೆಸರು ಬೇಕಾಯಿತು, ಆ ಹೆಸರಿಗೆ ಅಷ್ಟು ತೂಕವಿತ್ತು.

1766-67ರಲ್ಲಿ ಹೈದರನ ಮೈದುನ ಮೀರ್ ಸಾಹೇಬನು ಶಿರಾವನ್ನು ಮರಾಠರಿಗೆ ಒಪ್ಪಿಸಿದನು. ಮಧುಗಿರಿಯೂ ಅವರ ವಶವಾಯಿತು. ಆ ಬೆಟ್ಟದಲ್ಲಿ ಹೈದರನು ಸೆರೆಯಲ್ಲಿಟ್ಟಿದ್ದ ಬಿದನೂರಿನ ರಾಣಿ ವೀರಮ್ಮಾಜಿಗೆ ಬಿಡುಗಡೆ ದೊರೆತದ್ದು ಆಗಲೇ. 1774ರಲ್ಲಿ ಟಿಪ್ಪು ಎರಡನ್ನೂ ಮರಳಿ ಗೆದ್ದನು. ಮಧುಗಿರಿಗೆ ಇಂಥ ಹೊಯ್ದಾಟ ಹೊಸದಾಗಿರಲಿಲ್ಲ. ರಾಮಗೌಡ, ತಿಮ್ಮಗೌಡ ಎಂಬ ಇಬ್ಬರು ಒಟ್ಟಿಗೆ ಆಳುತ್ತಿದ್ದಾಗ 1678ರಲ್ಲಿಯೇ ಅದು ಮೈಸೂರಿಗೆ ಸೇರಿತ್ತು. ಅಲ್ಲಿ ಒಡೆಯರು ಬದಲಾದರೂ ಬೆಟ್ಟ ಬದಲಾಗಲಿಲ್ಲ. ಸೆರೆಮನೆಗಾಗಲಿ ಕಾವಲಿಗಾಗಲಿ ಬೇಕೆಂದಾಗ ಬಂಡೆ ಅಲ್ಲಿಯೇ ಇತ್ತು. ಬಯಲಿನ ಶಿರಾಕ್ಕೆ ಇದ್ದ ಆಸ್ತಿ ಜನರು ಮಾತ್ರ. ಮಲಿಕ್ ಹುಸೇನನು ಗೋಡೆ ಹಾಕಿ ಉಳಿಸಿಕೊಂಡಿದ್ದುದು ಅವರನ್ನೇ.

ಆ ಆಸ್ತಿಯನ್ನೇ ಟಿಪ್ಪು ತೆಗೆದುಕೊಂಡನು. ಶ್ರೀರಂಗಪಟ್ಟಣದ ದ್ವೀಪದ ಪೂರ್ವ ಭಾಗದಲ್ಲಿ ಅವನು 'ಶಹರ್ ಗಂಜಾಂ' ಎಂಬ ಹೊಸ ಪೇಟೆಯನ್ನು ಸ್ಥಾಪಿಸಿದನು. ಬೀದಿ ಎಳೆದರೆ, ಅಂಗಡಿ ಸಾಲು ಹಾಕಿದರೆ ಪೇಟೆಯಾಗುವುದಿಲ್ಲ. ವಾಸಿಸುವವರು ಬೇಕು, ಕಸುಬು ಬಲ್ಲವರು ಬೇಕು. ಅವರನ್ನು ತರಿಸಿದ್ದು ಶಿರಾದಿಂದ. 12,000 ಕುಟುಂಬಗಳನ್ನು ಬಲವಂತವಾಗಿ ಅಲ್ಲಿಗೆ ಸಾಗಿಸಲಾಯಿತೆಂದು ರೈಸ್ ದಾಖಲಿಸಿದ್ದಾರೆ. ಶಿರಾದಿಂದ ಶ್ರೀರಂಗಪಟ್ಟಣಕ್ಕೆ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ಹಲವು ದಿನದ ದಾರಿ. ಮಗ್ಗ, ಗಾಣ, ತಕ್ಕಡಿ, ದನಕರು, ಮುದುಕರು, ಕೂಸುಗಳು, ಒಂದು ಊರೇ ನಡೆದು ಹೋದಂತೆ. ಮುತ್ತಿಗೆಗಳು ಮಾಡಲಾರದುದನ್ನು ಈ ಒಂದು ಆಜ್ಞೆ ಮಾಡಿತು. ಮುತ್ತಿಗೆ ಹಾಕಿದವರೆಲ್ಲ ಶಿರಾವನ್ನು ತಮ್ಮದಾಗಿಸಿಕೊಳ್ಳಲು ಬಯಸಿದ್ದರು; ಟಿಪ್ಪುವಿಗೆ ಶಿರಾದ ಜನ ಬೇಕಾಗಿದ್ದರು, ಶಿರಾ ಬೇಕಾಗಿರಲಿಲ್ಲ. ಅವನ ನಗರ ನಿರ್ಮಾಣದ ಉತ್ಸಾಹವನ್ನು ಮೆಚ್ಚುವವರು ಬಿಟ್ಟುಹೋದ ಬೀದಿಗಳ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಇಬ್ಬರು ಆಡಳಿತಗಾರರೂ ಪೇಟೆಯ ಬೆಲೆಯನ್ನು ಬಲ್ಲವರೇ. ಒಬ್ಬನು ಜನರಿದ್ದಲ್ಲಿಗೆ ಗೋಡೆಯನ್ನು ತಂದನು, ಇನ್ನೊಬ್ಬನು ಗೋಡೆಯಿದ್ದಲ್ಲಿಗೆ ಜನರನ್ನು ತಂದನು.

1800ರ ಸುಮಾರಿಗೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸುತ್ತ ಶಿರಾಕ್ಕೆ ಬಂದಾಗ ಅದು ಕಳೆದುಹೋದ ವೈಭವದ ಊರಾಗಿತ್ತು. ಮುಂದೆ ಮೈಸೂರು ಸಂಸ್ಥಾನದ ಆಡಳಿತದಲ್ಲಿ ಅದಕ್ಕೆ ಉಳಿದದ್ದು ತಾಲ್ಲೂಕು ಕೇಂದ್ರದ ಸ್ಥಾನ, ಮಧುಗಿರಿ, ಕೊರಟಗೆರೆ, ಪಾವಗಡಗಳ ಸಾಲಿನಲ್ಲಿ ಒಂದಾಗಿ. ಏಳು ಪರಗಣೆಗಳಿಂದ ಕಂದಾಯ ಪಡೆಯುತ್ತಿದ್ದ ಊರು ತುಮಕೂರಿಗೆ ಕಂದಾಯ ಕಟ್ಟತೊಡಗಿತು. ಕುರುಬರ ಕಂಬಳಿ ನೇಯ್ಗೆ ಉಳಿಯಿತು. ರಿಹಾನನ ಗೋರಿ ಉಳಿಯಿತು, ಜುಮ್ಮಾ ಮಸೀದಿ ಉಳಿಯಿತು, ಕೋಟೆಯ ಕಂದಕವೂ ಗೋಡೆಯ ಭಾಗಗಳೂ ಉಳಿದವು.

ಗಂಜಾಂ ಇಂದಿಗೂ ಇದೆ. ಅಲ್ಲಿಯ ಅಂಜೂರ ಒಂದು ಕಾಲಕ್ಕೆ ನಾಡಿನಲ್ಲೆಲ್ಲ ಹೆಸರಾಗಿತ್ತು. ಆ ಊರನ್ನು ದಾಟಿ ದ್ವೀಪದ ತುದಿಯ ಕಡೆಗೆ ಹೋದರೆ ಗುಂಬಜ್ ಸಿಗುತ್ತದೆ. ಒಂದು ಕಾಲಕ್ಕೆ ಮೂರು ಲಕ್ಷ ಕೊಟ್ಟು ಶಿರಾದ ನವಾಬನಾದ ಹೈದರ್ ಆಲಿ ಅಲ್ಲಿ ಮಲಗಿದ್ದಾನೆ, ಪಕ್ಕದಲ್ಲಿ ಟಿಪ್ಪು. ಶಿರಾದಿಂದ ಕರೆತಂದವರಿಗೆ ಮನೆ ಕೊಟ್ಟದ್ದು ಅದಕ್ಕೆ ಹೋಗುವ ದಾರಿಯಲ್ಲಿಯೇ.